ಒಂದೂವರೆ ಲಕ್ಷದ ಆಸುಪಾಸಿನಲ್ಲಿ ಹಳೆಯ ಬಚ್ಚಲುಮನೆಯ ದುರಸ್ತಿ: ಮೈಸೂರಿನ ಒಂದು ಪ್ರಕರಣ

ಮೈಸೂರಿನ ಕುವೆಂಪುನಗರದಲ್ಲಿ 1987ರಲ್ಲಿ ಕಟ್ಟಿದ ಮನೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಗಳೇ ತಾರಸಿಯ ಭಾರ ಹೊತ್ತಿವೆ. ಮನೆಯಲ್ಲಿ ಆರು ಮಂದಿ: ಎಪ್ಪತ್ತೆಂಟು ದಾಟಿದ ಅಜ್ಜಿ, ಅವರ ಇಬ್ಬರು ಗಂಡುಮಕ್ಕಳು, ಹಿರಿಯ ಸೊಸೆ, ಕಾಲೇಜಿಗೆ ಹೋಗುವ ಇಬ್ಬರು ಮೊಮ್ಮಕ್ಕಳು. ಆರು ಮಂದಿಗೂ ಸೇರಿ ಇರುವುದು ಒಂದು ಬಚ್ಚಲುಮನೆ, ಅದಕ್ಕೆ ಅಂಟಿಕೊಂಡಂತೆ ಒಂದು ಶೌಚಾಲಯ. ಎರಡರ ನಡುವೆ ನಾಲ್ಕೂವರೆ ಇಂಚಿನ ಗೋಡೆ.

ಬಚ್ಚಲುಮನೆ ಆರೂವರೆ ಅಡಿ ಉದ್ದ, ಐದು ಅಡಿ ಅಗಲ. ಹೇಳುವುದಕ್ಕೆ ಸಾಕಷ್ಟು ಜಾಗ. ಆದರೆ ಹಿತ್ತಲಿನ ಕಡೆಯ ಮೂಲೆಯನ್ನು ಹಂಡೆ ಒಲೆಯ ಕಟ್ಟೆ ನುಂಗಿತ್ತು. ಗೀಸರ್ ಬಂದ ಮೇಲೆ ಆ ಒಲೆಗೆ ಸೌದೆ ಇಟ್ಟವರಿಲ್ಲ; ಹಂಡೆಯ ಮೇಲೆ ಹಳೆಯ ಬಕೆಟ್‌ಗಳು, ಸೋಪಿನ ಪುಡಿಯ ಡಬ್ಬ, ಒಗೆಯುವ ಬಟ್ಟೆ ಕೂರುತ್ತಿದ್ದವು. ನೆಲಕ್ಕೆ ಕಡಪ ಕಲ್ಲು, ಗೋಡೆಗೆ ನಾಲ್ಕಡಿವರೆಗೆ ಆರು ಇಂಚಿನ ಬಿಳಿ ಟೈಲ್ಸ್. ಶೌಚಾಲಯದಲ್ಲಿ ಒಂದು ಮೆಟ್ಟಿಲು ಎತ್ತರದ ಕಟ್ಟೆ, ಅದರ ಮೇಲೆ ಕುಕ್ಕುರುಗಾಲಲ್ಲಿ ಕೂರುವ ಬೇಸಿನ್. ತಲೆಯ ಮೇಲಿನ ಸರಪಳಿ ಎಳೆಯುವ ತೊಟ್ಟಿ ಎಷ್ಟೋ ವರ್ಷಗಳ ಹಿಂದೆ ಕೆಟ್ಟಿತ್ತು. ಮಂಡಿನೋವಿನ ಅಜ್ಜಿ ನಲ್ಲಿಯ ಪೈಪನ್ನು ಹಿಡಿದುಕೊಂಡು ಮೇಲೇಳುತ್ತಿದ್ದರು. ಆ ಪೈಪು ಗೋಡೆಯಿಂದ ಅರ್ಧ ಇಂಚು ಹೊರಗೆ ಬಂದಿತ್ತು ಎಂದರೆ ಉಳಿದದ್ದನ್ನು ಊಹಿಸಬಹುದು.

ಇವೆಲ್ಲವನ್ನೂ ಮನೆಯವರು ಸಹಿಸಿಕೊಂಡಿದ್ದರು. ಸಹಿಸಲಾಗದೆ ಹೋದದ್ದು ಬಚ್ಚಲಿನ ಆಚೆ ಬದಿಯ ಮಲಗುವ ಕೋಣೆಯ ಗೋಡೆ. ನೆಲದಿಂದ ಎರಡಡಿ ಎತ್ತರದವರೆಗೆ ಉಪ್ಪು ಬಿಟ್ಟು, ಬಣ್ಣ ಹಪ್ಪಳದಂತೆ ಎದ್ದು ಉದುರುತ್ತಿತ್ತು. ಎರಡು ಸಲ ಬಣ್ಣ ಹೊಡೆಸಿದ್ದರು, ಒಮ್ಮೆ ಯಾವುದೋ ವಾಟರ್‌ಪ್ರೂಫ್ ಪುಟ್ಟಿ ಬಳಿಸಿದ್ದರು. ಮಳೆಗಾಲ ಮುಗಿಯುವಷ್ಟರಲ್ಲಿ ಮತ್ತೆ ಅದೇ ಸ್ಥಿತಿ.

ಚೀಟಿ ಎತ್ತಿ ಕೈಗೆ ಬಂದ ಒಂದೂವರೆ ಲಕ್ಷ ರೂಪಾಯಿ, ಅಷ್ಟೇ ಇದ್ದದ್ದು. ಸಾಲ ಮಾಡುವುದಿಲ್ಲ ಎಂದು ಹಿರಿಯ ಮಗ ಮೊದಲೇ ಹೇಳಿಬಿಟ್ಟರು. ಒಳಾಂಗಣ ವಿನ್ಯಾಸದ ಅಂಗಡಿಯೊಂದು ಕೊಟ್ಟ ಅಂದಾಜುಪಟ್ಟಿ 3.2 ಲಕ್ಷದ್ದು. ನಡುಗೋಡೆ ಒಡೆದು ಎರಡನ್ನೂ ಒಂದು ಮಾಡುವುದು, ಗೋಡೆಗೆ ತೂಗುವ ಕಮೋಡ್, ಗಾಜಿನ ತಡೆ, ಎರಡಡಿ ಟೈಲ್ಸ್, ಗೋಡೆಯೊಳಗೆ ಹುದುಗಿಸಿದ ಷವರ್. ಅದೇ ಪಟ್ಟಿಯ ಕೊನೆಯಲ್ಲಿ 'ವಾಟರ್‌ಪ್ರೂಫಿಂಗ್, ಒಟ್ಟಾರೆ 8,000' ಎಂಬ ಒಂದೇ ಸಾಲು. ಮನೆಯವರು ಸಲಹೆಗೆಂದು ನನ್ನನ್ನು ಕರೆದದ್ದು ಈ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು. ಬೆಲೆ ದುಬಾರಿಯೆನ್ನುವುದು ಅವರ ಚಿಂತೆ. ನನಗೆ ಕಂಡ ತೊಂದರೆ ಬೇರೆ: ಆ 3.2 ಲಕ್ಷ ಖರ್ಚು ಮಾಡಿದ ಮೇಲೂ ಮಲಗುವ ಕೋಣೆಯ ಗೋಡೆ ಒದ್ದೆಯಾಗಿಯೇ ಇರುತ್ತಿತ್ತು. ನೀರು ಎಲ್ಲಿಂದ ಬರುತ್ತಿದೆ ಎಂದು ಯಾರೂ ನೋಡಿರಲಿಲ್ಲ.

ಆದ್ದರಿಂದ ಟೈಲ್ಸ್ ಅಂಗಡಿಗೆ ಹೋಗುವ ಮುಂಚೆ ಒಂದಿಷ್ಟು ಪರೀಕ್ಷೆ. ಸೋರಿಕೆ ಎರಡು ಬಗೆಯದಾಗಿರಬಹುದು. ಟ್ಯಾಂಕಿನ ಒತ್ತಡದಲ್ಲಿರುವ ಪೈಪು ಗೋಡೆಯೊಳಗೆ ತೂತಾಗಿದ್ದರೆ ಹಗಲು ರಾತ್ರಿ ಸೋರುತ್ತದೆ, ಮನೆಗೆ ಬೀಗ ಹಾಕಿ ಊರಿಗೆ ಹೋದರೂ ಗೋಡೆ ಒಣಗುವುದಿಲ್ಲ. ನೆಲ ಅಥವಾ ಚರಂಡಿಯ ಕಡೆಯ ಸೋರಿಕೆಯಾದರೆ ಸ್ನಾನ ಮಾಡಿದಾಗ ಮಾತ್ರ. ರಾತ್ರಿ ಎಲ್ಲ ನಲ್ಲಿಗಳನ್ನು ಬಿಗಿಯಾಗಿ ಮುಚ್ಚಿ, ಟ್ಯಾಂಕಿಗೆ ನೀರು ಬರುವ ದಾರಿಯನ್ನೂ ನಿಲ್ಲಿಸಿ, ಒಳಗಿನ ಮಟ್ಟಕ್ಕೆ ಸೀಮೆಸುಣ್ಣದ ಗುರುತು ಹಾಕಿಸಿದೆವು. ಬೆಳಿಗ್ಗೆ ನೋಡಿದರೆ ಮಟ್ಟ ಒಂದು ಇಂಚಿಗೂ ಹೆಚ್ಚು ಇಳಿದಿತ್ತು. ಮರುರಾತ್ರಿ ಬಚ್ಚಲಿನ ವಾಲ್ವ್ ಒಂದನ್ನೇ ಬಂದ್ ಮಾಡಿದಾಗ ಮಟ್ಟ ಕದಲಲಿಲ್ಲ. ಅಪರಾಧಿ ಪೈಪು ಎಂಬುದು ಖಾತರಿಯಾಯಿತು. ಇದಕ್ಕೆ ಒಂದು ಪೈಸೆಯೂ ಖರ್ಚಾಗಲಿಲ್ಲ.

ಪ್ಲಂಬರ್ ನಲ್ಲಿಯ ಬಳಿ ಟೈಲ್ಸ್ ಒಡೆದು ಸತು ಲೇಪಿಸಿದ ಕಬ್ಬಿಣದ (ಜಿಐ) ಪೈಪಿನ ಒಂದು ತುಂಡು ಕತ್ತರಿಸಿ ತೋರಿಸಿದರು. ಹೊರಗಿನಿಂದ ಅರ್ಧ ಇಂಚಿನ ಪೈಪು. ಒಳಗೆ ಕಂದು ತುಕ್ಕು, ಅದರ ಮೇಲೆ ಬೋರ್‌ವೆಲ್ ನೀರಿನ ಬಿಳಿ ಗಸಿ ಪದರ ಪದರವಾಗಿ ಕಟ್ಟಿ, ನಡುವೆ ಪೆನ್ಸಿಲ್ ತೂರುವಷ್ಟು ಕಂಡಿ ಉಳಿದಿತ್ತು. 'ಷವರ್‌ನಲ್ಲಿ ನೀರೇ ಬರುವುದಿಲ್ಲ' ಎಂದು ಮೊಮ್ಮಗಳು ದೂರುತ್ತಿದ್ದದ್ದಕ್ಕೂ ಉತ್ತರ ಅಲ್ಲೇ ಇತ್ತು. ಬಿಸಿನೀರಿನ ಸಾಲಿನ ಎಲ್ಬೋ ಒಂದು ಬೆರಳಿನಿಂದ ಒತ್ತಿದರೆ ಪುಡಿಯಾಗುವಂತಿತ್ತು.

ಪೈಪುಗಳೆಲ್ಲ ಮಲಗುವ ಕೋಣೆಯ ಗೋಡೆಯಲ್ಲೇ ಏಕೆ ಇದ್ದವು? ಹಿತ್ತಲ ಗೋಡೆಯನ್ನು ಒಲೆ ಆಕ್ರಮಿಸಿತ್ತು, ಬೆಂಕಿ ಹಾಕುವ ಬಾಯಿ ಹೊರಗಡೆಗಿತ್ತು. ಕಟ್ಟಿಸಿದವರಿಗೆ ಉಳಿದಿದ್ದ ಉದ್ದನೆಯ ಗೋಡೆ ಅದೊಂದೇ. ಒಲೆಯೇ ಬೇಡವೆಂದಾದರೆ ಆ ಕಾರಣವೂ ಹೋಯಿತು. ಇಡೀ ಯೋಜನೆ ತಿರುಗಿದ್ದು ಇಲ್ಲಿ. ಹಳೆಯ ಪೈಪುಗಳನ್ನು ಕಿತ್ತು ಅಲ್ಲೇ ಹೊಸದನ್ನು ಹುದುಗಿಸುವ ಬದಲು, ಮಲಗುವ ಕೋಣೆಯ ಗೋಡೆಯಿಂದ ನೀರನ್ನೇ ಹೊರಹಾಕಬಹುದಿತ್ತು. ಹಳೆಯ ಸಾಲನ್ನು ಮೂಲದಲ್ಲೇ ಕತ್ತರಿಸಿ ಬಿರಟೆ ಹಾಕಿ ಗೋಡೆಯೊಳಗೆ ಬಿಟ್ಟೆವು. ಬಿಸಿನೀರನ್ನೂ ತಾಳುವ ಸಿಪಿವಿಸಿ ಎಂಬ ಹೊಸ ಪ್ಲಾಸ್ಟಿಕ್ ಪೈಪನ್ನು ಹಿತ್ತಲ ಗೋಡೆಯ ಹೊರಮೈಯ ಮೇಲೆ ಕ್ಲಾಂಪ್ ಹಾಕಿ ಎಳೆದು, ನಲ್ಲಿ ಬೇಕಾದ ಕಡೆ ಮಾತ್ರ ಗೋಡೆ ಕೊರೆದು ಒಳಗೆ ತಂದೆವು. ಪೈಪು ಹುದುಗಿಸಲು ಗೋಡೆಯಲ್ಲಿ ಉದ್ದಕ್ಕೂ ತೋಡು ಕೊರೆಯುವ ಕೂಲಿ, ಧೂಳು, ಮತ್ತೆ ಪ್ಲಾಸ್ಟರಿಂಗ್ ಎಲ್ಲವೂ ತಪ್ಪಿತು. ನಾಳೆ ಸೋರಿದರೂ ಕಣ್ಣೆದುರೇ ಸೋರುತ್ತದೆ. ಸಿಪಿವಿಸಿಗೆ ಬಿಸಿಲು ಆಗಿಬರುವುದಿಲ್ಲ, ವರ್ಷಗಳು ಕಳೆದಂತೆ ಪೆಡಸಾಗುತ್ತದೆ; ಸಜ್ಜೆಯ ನೆರಳಿನಲ್ಲಿ ಸಾಗಿಸಿ, ಮೇಲೆ ನೀರು ಬೆರೆಸುವ ಅಕ್ರಿಲಿಕ್ ಬಣ್ಣ ಬಳಿಸಲಾಯಿತು. ನೋಡಲು ಚೆನ್ನಾಗಿಲ್ಲ ಎಂದು ಕಿರಿಯ ಮಗ ಗೊಣಗಿದರು. ಹಿತ್ತಲಿನಲ್ಲಿ ನೋಡುವವರು ಯಾರು ಎಂದು ಅತ್ತಿಗೆ ಕೇಳಿದ ಮೇಲೆ ಸುಮ್ಮನಾದರು.

ಎರಡನೆಯ ದೊಡ್ಡ ನಿರ್ಧಾರ ನಡುಗೋಡೆಯದು. ಭಾರ ಹೊರದ ಗೋಡೆ, ಒಡೆದರೆ ಅಪಾಯವೇನೂ ಇರಲಿಲ್ಲ. ಒಳಗೆ ಬಯಲಾಗಿ ಕಾಣುತ್ತಿತ್ತು ಎಂಬುದೂ ನಿಜ. ಆದರೆ ಬೆಳಿಗ್ಗೆ ಏಳರಿಂದ ಎಂಟೂವರೆಯೊಳಗೆ ಐದು ಮಂದಿ ತಯಾರಾಗಿ ಹೊರಡುವ ಮನೆ ಅದು. ಒಬ್ಬರು ಸ್ನಾನ ಮಾಡುತ್ತಿರುವಾಗ ಇನ್ನೊಬ್ಬರು ಶೌಚಾಲಯಕ್ಕೆ ಹೋಗಬಹುದು ಎಂಬ ಸೌಕರ್ಯವನ್ನು ಹಣ ಕೊಟ್ಟು ಕಳೆದುಕೊಳ್ಳುವುದು ಯಾವ ಬುದ್ಧಿವಂತಿಕೆ? ಹಿಂದಿನವರು ಮಡಿಯ ಲೆಕ್ಕದಲ್ಲಿ ಬೇರೆ ಬೇರೆ ಕಟ್ಟಿದ್ದಿರಬಹುದು, ಇಂದಿನ ಲೆಕ್ಕಕ್ಕೂ ಅದು ಸರಿಹೋಗುತ್ತದೆ. ಗೋಡೆ ಉಳಿಯಿತು. ಅದರಿಂದ ಇನ್ನೊಂದು ಅನುಕೂಲವಾಯಿತು: ಕೆಲಸವನ್ನು ಎರಡು ಕಂತಿನಲ್ಲಿ ಮಾಡಬಹುದಿತ್ತು. ಮೊದಲು ಶೌಚಾಲಯ, ಆಗ ಮನೆಯವರು ಹಿಂದಿನ ಬೀದಿಯಲ್ಲಿರುವ ನೆಂಟರ ಮನೆಗೆ ಹೋಗಿ ಬಂದರು. ಅದು ಮುಗಿದ ಮೇಲೆ ಬಚ್ಚಲು, ಆಗ ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ತಗಡಿನ ಮರೆ ಕಟ್ಟಿ ಸ್ನಾನ.

ಶೌಚಾಲಯ ಮೂರಡಿ ಅಗಲ, ನಾಲ್ಕೂವರೆ ಅಡಿ ಉದ್ದ. ಕಟ್ಟೆ ಒಡೆದು ನೆಲ ಸಮ ಮಾಡಿ ಕಮೋಡ್ ಇಡುವುದು ಅಜ್ಜಿಯ ಮಂಡಿಗಾಗಿ ಆಗಲೇಬೇಕಾದ ಕೆಲಸ. ಕಮೋಡ್ ಆರಿಸುವಾಗ ಬಣ್ಣ, ಆಕಾರಕ್ಕಿಂತ ಮೊದಲು ಕೇಳಬೇಕಾದ್ದು ಅದರ ನೀರು ನೆಲದೊಳಗೆ ಹೋಗುತ್ತದೆಯೋ ಗೋಡೆಯೊಳಗೆ ಹೋಗುತ್ತದೆಯೋ ಎಂದು. ಈ ಮನೆಯ ಚರಂಡಿ ಚೇಂಬರ್ ಹಿತ್ತಲ ಗೋಡೆಯ ಆಚೆಯೇ ಇತ್ತು. ಆದ್ದರಿಂದ ಗೋಡೆಗೆ ಹೋಗುವ ಪಿ-ಟ್ರ್ಯಾಪ್ ಮಾದರಿ ಆರಿಸಿದೆವು. ನೆಲದಿಂದ ಏಳು ಇಂಚಿನಷ್ಟು ಎತ್ತರದಲ್ಲಿ ಗೋಡೆ ಕೊರೆದು 110 ಮಿಲಿಮೀಟರ್ ಪೈಪು ಹೊರಗೆ. ಕಮೋಡಿನ ಜಾಗ ಹಳೆಯ ಬೇಸಿನ್ ಇದ್ದ ಕಡೆಯೇ. ಅದನ್ನು ಎದುರು ಗೋಡೆಗೆ ಸರಿಸಿದ್ದರೆ ಮಲದ ಪೈಪಿಗೆ ಇಳಿಜಾರು ಕೊಡಲು ಇಡೀ ನೆಲವನ್ನೇ ಎತ್ತಬೇಕಾಗುತ್ತಿತ್ತು. ಫ್ಲಷ್ ತೊಟ್ಟಿ ಮೂರು ಮತ್ತು ಆರು ಲೀಟರಿನ ಎರಡು ಗುಂಡಿಯದು. ಕಿರಿಯ ಮಗನಿಗೆ ಕುಕ್ಕುರುಗಾಲಲ್ಲಿ ಕೂತೇ ಅಭ್ಯಾಸ. ಅವರಿಗೆ ಕಾಲಿಡಲು ಒಂದು ಗಿಡ್ಡ ಮಣೆ ಬಂತು, ವಾದ ಮುಗಿಯಿತು.

ಬಾಗಿಲಿನ ವಿಷಯಕ್ಕೆ ಮಾತ್ರ ನಾನು ಹಟ ಹಿಡಿದೆ. ಹಳೆಯ ಬಾಗಿಲು ಒಳಗೆ ತೆರೆಯುತ್ತಿತ್ತು. ವಯಸ್ಸಾದವರು ಅಷ್ಟು ಇಕ್ಕಟ್ಟಿನಲ್ಲಿ ಬಿದ್ದರೆ ಅವರ ಮೈಯೇ ಬಾಗಿಲಿಗೆ ಅಡ್ಡವಾಗುತ್ತದೆ, ಹೊರಗಿನವರು ತಳ್ಳಲೂ ಆಗುವುದಿಲ್ಲ. ಹೊಸ ಪಿವಿಸಿ ಬಾಗಿಲನ್ನು ಹೊರಗೆ ತೆರೆಯುವಂತೆ ಕೂರಿಸಿ, ಹೊರಗಿನಿಂದ ನಾಣ್ಯದಿಂದ ತಿರುಗಿಸಿ ತೆಗೆಯಬಹುದಾದ ಚಿಲಕ ಹಾಕಿಸಲಾಯಿತು. ಕಮೋಡಿನ ಪಕ್ಕಕ್ಕೆ ಸ್ಟೀಲ್ ಹಿಡಿಕೆ. ಅದನ್ನು ಟೈಲ್ಸ್ ಮೇಲೆ ಸುಮ್ಮನೆ ಸ್ಕ್ರೂ ಹೊಡೆದು ನಿಲ್ಲಿಸುವವರಿದ್ದಾರೆ. ಇಟ್ಟಿಗೆಯವರೆಗೂ ಇಳಿಯುವ ಉದ್ದನೆಯ ಆಂಕರ್ ಬೋಲ್ಟ್ ಇಲ್ಲದಿದ್ದರೆ ಅದು ಅಲಂಕಾರ ಮಾತ್ರ. ಅಜ್ಜಿಯನ್ನೇ ಸ್ಟೂಲಿನ ಮೇಲೆ ಕೂರಿಸಿ, ಎದ್ದೇಳುವಾಗ ಕೈ ಎಲ್ಲಿಗೆ ಹೋಗುತ್ತದೆಂದು ನೋಡಿ ಗುರುತು ಹಾಕಿಕೊಂಡರು ಮೇಸ್ತ್ರಿ. 'ಇಷ್ಟು ಕೆಳಗೆ ಬೇಡ ಮೇಸ್ತ್ರಿಗಳೇ, ನಾನೇನು ಮಗುವೇ' ಎಂದು ಅಜ್ಜಿ ಎರಡು ಇಂಚು ಮೇಲೆ ಮಾಡಿಸಿದರು.

ಒಲೆ ಒಡೆಯುವ ದಿನ ಹಂಡೆಯ ಪ್ರಶ್ನೆ ಎದ್ದಿತು. ತಾಮ್ರದ ದೊಡ್ಡ ಹಂಡೆ, ಗುಜರಿಗೆ ಹಾಕಿದರೂ ಸಾಕಷ್ಟು ಹಣ ಬರುತ್ತಿತ್ತು. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬಕ್ಕೆ ಏನು ಮಾಡುತ್ತೀರಿ, ಗೀಸರ್‌ಗೆ ಅರಿಶಿನ ಕುಂಕುಮ ಹಚ್ಚುತ್ತೀರಾ ಎಂದು ಅಜ್ಜಿ ಕೇಳಿದರು. ಯಾರೂ ಉತ್ತರಿಸಲಿಲ್ಲ. ಹಂಡೆ ಹಿತ್ತಲಿನ ಸಜ್ಜೆಯ ಕೆಳಗೆ ಹೋಯಿತು. ಒಲೆಯ ಬಾಯಿಯನ್ನು ಇಟ್ಟಿಗೆ ಕಟ್ಟಿ ಮುಚ್ಚಲಾಯಿತು. ಮೇಲಿನ ಹೊಗೆಗಂಡಿಯನ್ನು ಮಾತ್ರ ಮುಚ್ಚಲಿಲ್ಲ. ಸ್ವಲ್ಪ ಅಗಲಿಸಿದರೆ ಆರು ಇಂಚಿನ ಎಕ್ಸಾಸ್ಟ್ ಫ್ಯಾನಿಗೆ ಹೇಳಿ ಮಾಡಿಸಿದ ಜಾಗ ಅದಾಗಿತ್ತು.

ನೆಲದ ಕಡಪ ಕಲ್ಲು ಎತ್ತಿದಾಗ ಕೆಳಗಿನ ಮಣ್ಣು ಕಪ್ಪಾಗಿ ಕೊಳೆತು ವಾಸನೆ ಹೊಡೆಯುತ್ತಿತ್ತು. ಪೈಪು ಮಾತ್ರವಲ್ಲ, ನೆಲದ ನೀರು ಹೊರಹೋಗುವ ನಹನಿ ಟ್ರ್ಯಾಪ್‌ನ ಸುತ್ತಲಿನ ಸಿಮೆಂಟೂ ಬಿಟ್ಟುಕೊಂಡು ಸ್ನಾನದ ನೀರಿನ ಒಂದು ಪಾಲು ನೇರ ಕೆಳಗೆ ಇಳಿಯುತ್ತಿತ್ತು. ಆ ಮಣ್ಣನ್ನು ಪೂರ್ತಿ ತೆಗೆಸಿ, ಜಲ್ಲಿ ತುಂಬಿ, ಕಾಂಕ್ರೀಟ್ ಹಾಸಿ, ಮೇಲೆ ಪಾಲಿಮರ್ ಬೆರೆತ ಸಿಮೆಂಟ್ ಲೇಪ ಎರಡು ಕೋಟ್. ಮೊದಲ ಕೋಟ್ ಉದ್ದಕ್ಕೆ ಎಳೆದರೆ ಎರಡನೆಯದು ಅಡ್ಡಕ್ಕೆ, ಗೋಡೆಯ ಮೇಲೂ ಒಂದಡಿ ಹತ್ತುವಂತೆ. ನೀರು ಬೀಳುವ ಮೂಲೆಯಲ್ಲಿ ಇನ್ನೂ ಎತ್ತರಕ್ಕೆ. ನೆಲ ಗೋಡೆ ಸೇರುವ ಸಂದಿನಲ್ಲಿ ಜಾಲರಿ ಪಟ್ಟಿ.

ಲೇಪ ಒಣಗಿದ ಮೇಲೆ ಟ್ರ್ಯಾಪ್‌ನ ಬಾಯಿ ಮುಚ್ಚಿ, ಹೊಸ್ತಿಲಿಗೆ ಸಣ್ಣ ಸಿಮೆಂಟ್ ಕಟ್ಟೆ ಕಟ್ಟಿ ಎರಡು ಇಂಚು ನೀರು ನಿಲ್ಲಿಸಿದೆವು, 48 ಗಂಟೆ. ಗೋಡೆಗೆ ಪೆನ್ಸಿಲ್ ಗೆರೆ. ಮರುದಿನ ನೋಡಿದರೆ ಮಟ್ಟ ಗೆರೆಗಿಂತ ಕಡ್ಡಿಯ ದಪ್ಪ ಕೆಳಗಿತ್ತು. 'ಅದು ಗಾಳಿಗೆ ಆರಿದ್ದು ಸಾರ್, ಟೈಲ್ಸ್ ಶುರು ಮಾಡೋಣ' ಎಂದರು ಮೇಸ್ತ್ರಿ. ಇರಬಹುದು, ಇಲ್ಲದೆಯೂ ಇರಬಹುದು. ಅದೇ ಕೋಣೆಯಲ್ಲಿ ಒಂದು ಬಕೆಟ್‌ಗೆ ನೀರು ತುಂಬಿ, ಅದಕ್ಕೂ ಒಂದು ಗೆರೆ ಎಳೆದು ಪಕ್ಕದಲ್ಲೇ ಇಡಿಸಿದೆ. ಗಾಳಿಗೆ ಆರುವುದಾದರೆ ಎರಡೂ ಒಂದೇ ರೀತಿ ಇಳಿಯಬೇಕು. ಬಕೆಟ್‌ನ ನೀರು ಕದಲಲೇ ಇಲ್ಲ, ನೆಲದ್ದು ಇನ್ನಷ್ಟು ಇಳಿಯಿತು. ಹುಡುಕಿದರೆ ಟ್ರ್ಯಾಪ್‌ನ ಕುತ್ತಿಗೆಯ ಸುತ್ತ ಕೂದಲೆಳೆಯಷ್ಟು ಸೀಳು. ಅಲ್ಲಿ ಕೆತ್ತಿ, ಕುಗ್ಗದ ಗ್ರೌಟ್ ತುಂಬಿ, ಲೇಪ ಮತ್ತೆ ಹಚ್ಚಿ, ಮತ್ತೆ ನೀರು ನಿಲ್ಲಿಸಿದ ಮೇಲೆ ಎರಡು ಗೆರೆಗಳೂ ಒಂದೇ ಲೆಕ್ಕಕ್ಕೆ ಬಂದವು. ಕೆಲಸ ತಡವಾಯಿತೆಂದು ಮನೆಯವರ ಮುಖ ಸಪ್ಪಗಾಗಿತ್ತು, ನಿಜ. ಟೈಲ್ಸ್ ಕೂತ ಮೇಲೆ ಅದೇ ಸೀಳನ್ನು ಹುಡುಕುವ ಖರ್ಚನ್ನು ಅವರಿಗೆ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಮಲಗುವ ಕೋಣೆಯ ಗೋಡೆ ಎದುರಿಗೇ ಇತ್ತು.

ಟೈಲ್ಸ್‌ಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಂಗಡಿಗಳಲ್ಲಿ ಗುಜರಾತಿನ ಮೊರ್ಬಿಯಿಂದ ಬಂದ ಲೋಡುಗಳಲ್ಲಿ ಮಾರಿ ಮಿಕ್ಕ ಹತ್ತು ಹದಿನೈದು ಪೆಟ್ಟಿಗೆಗಳ ಉಳಿಕೆ ಮಾಲು ಯಾವಾಗಲೂ ಇರುತ್ತದೆ. ದೊಡ್ಡ ಮನೆ ಕಟ್ಟುವವರಿಗೆ ಅದು ಸಾಲದು, ಒಂದು ಬಚ್ಚಲಿಗೆ ಧಾರಾಳ. ಎಲ್ಲ ಪೆಟ್ಟಿಗೆಗಳ ಮೇಲೂ ಒಂದೇ ಬ್ಯಾಚ್ ಸಂಖ್ಯೆ ಇದೆಯೇ ಎಂದು ನೋಡಿಕೊಳ್ಳಬೇಕು, ಇಲ್ಲದಿದ್ದರೆ ಗೋಡೆಯ ಮೇಲೆ ಎರಡು ಛಾಯೆ ಕಾಣುತ್ತದೆ. ಒಡೆಯುವುದಕ್ಕೆ, ಮುಂದೆ ರಿಪೇರಿಗೆ ಎಂದು ನೂರಕ್ಕೆ ಹತ್ತರಷ್ಟು ಹೆಚ್ಚಿಗೆ ತರಬೇಕು, ಏಕೆಂದರೆ ಉಳಿಕೆ ಮಾಲು ಮತ್ತೆ ಸಿಗುವುದಿಲ್ಲ. ನೆಲಕ್ಕೆ ಜಾರದ ಒರಟು ಮೈಯ ಒಂದಡಿ ಟೈಲ್ಸ್. ಮೊಮ್ಮಗನಿಗೆ ಎರಡಡಿಯದು ಬೇಕಿತ್ತು. ಸಣ್ಣ ಕೋಣೆಯಲ್ಲಿ ದೊಡ್ಡ ಟೈಲ್ಸ್ ಹಾಕಿ ನಾಲ್ಕೂ ಕಡೆಯಿಂದ ಟ್ರ್ಯಾಪ್‌ಗೆ ಇಳಿಜಾರು ಕೊಡಲು ಹೋದರೆ ಅದನ್ನು ಓರೆಯಾಗಿ ಕತ್ತರಿಸಬೇಕು, ಇಲ್ಲವೇ ನೀರು ನಿಲ್ಲುತ್ತದೆ. ಹಿತ್ತಲ ಗೋಡೆ ಮತ್ತು ನಡುಗೋಡೆಗೆ ಏಳಡಿ, ಉಳಿದೆರಡಕ್ಕೆ ನಾಲ್ಕಡಿ ಟೈಲ್ಸ್, ಮೇಲೆ ಹೊರಗೋಡೆಗೆ ಬಳಿಯುವ ಎಮಲ್ಷನ್. ಇದರಿಂದ ಉಳಿದದ್ದು ಮೂವತ್ತು ಚದರ ಅಡಿಗೂ ಕಡಿಮೆ, ಬಹಳ ದೊಡ್ಡ ಉಳಿತಾಯವೇನಲ್ಲ. ಟೈಲ್ಸ್ ಸಂದುಗಳಿಗೆ ಗ್ರೌಟ್ ತುಂಬುವ ಮುಂಚೆ ಅಲ್ಲಲ್ಲಿ ಗೋಲಿ ಬಿಟ್ಟು ನೋಡಿದಾಗ ಬಾಗಿಲ ಬಳಿಯ ಒಂದು ಮೂಲೆಯಲ್ಲಿ ಅದು ನಿಂತೇಬಿಟ್ಟಿತು. ಮೇಸ್ತ್ರಿ ಮಾತಾಡದೆ ಎರಡು ಟೈಲ್ಸ್ ಎತ್ತಿ ಮತ್ತೆ ಕೂರಿಸಿದರು.

ನಲ್ಲಿಗಳಲ್ಲಿ ಉಳಿಸಿದ್ದು ಹೇಗೆಂದರೆ, ಈ ಮನೆಯಲ್ಲಿ ಯಾರು ಹೇಗೆ ಸ್ನಾನ ಮಾಡುತ್ತಾರೆಂದು ಕೇಳಿಕೊಂಡೆವು. ಮೊಮ್ಮಕ್ಕಳಿಬ್ಬರನ್ನು ಬಿಟ್ಟು ಎಲ್ಲರದೂ ಬಕೆಟ್, ಚೊಂಬು. ಅಂಥವರಿಗೆ ಗೋಡೆಯೊಳಗೆ ಹುದುಗಿಸುವ, ನೀರನ್ನು ನಲ್ಲಿಗೋ ಷವರಿಗೋ ತಿರುಗಿಸುವ ಡೈವರ್ಟರ್ ಏಕೆ? ಬಕೆಟ್‌ನ ಮೇಲೆ ಬಿಸಿ, ತಣ್ಣೀರಿಗೆ ಒಂದೊಂದು ಹಿತ್ತಾಳೆ ನಲ್ಲಿ, ಮೇಲೊಂದು ಸಾದಾ ಷವರ್. ಹಿತ್ತಾಳೆಯದು ಹೌದೋ ಅಲ್ಲವೋ ಎಂಬುದು ಕೈಯಲ್ಲಿ ಹಿಡಿದರೆ ತೂಕದಲ್ಲೇ ತಿಳಿಯುತ್ತದೆ. ಹೊಳಪು ಎಲ್ಲದಕ್ಕೂ ಒಂದೇ.

ವಿದ್ಯುತ್ ಕೆಲಸಕ್ಕೆ ಮನೆಯವರು ಹಣವನ್ನೇ ತೆಗೆದಿಟ್ಟಿರಲಿಲ್ಲ. ಹಳೆಯ 15 ಲೀಟರ್ ಗೀಸರ್ ಚೆನ್ನಾಗಿಯೇ ಇತ್ತು, ಅದನ್ನೇ ಹಿತ್ತಲ ಗೋಡೆಗೆ ಸರಿಸುವುದಿತ್ತು. ಸ್ವಿಚ್ ಬೋರ್ಡ್ ಬಿಚ್ಚಿದ ಎಲೆಕ್ಟ್ರಿಷಿಯನ್ ನಮ್ಮನ್ನು ಕರೆದು ತೋರಿಸಿದರು: ಸಾಕೆಟ್‌ನ ಭೂಸಂಪರ್ಕದ ಪಿನ್ನಿಗೆ ತಂತಿಯೇ ಇರಲಿಲ್ಲ. ಎರಡು ಕಿಲೋವ್ಯಾಟ್ ಗೀಸರ್ ಎಂದರೆ ಒಂಬತ್ತು ಆಂಪಿಯರ್‌ನಷ್ಟು ವಿದ್ಯುತ್. ಇಷ್ಟು ಕಾಲ ಅದು ಅಲ್ಯೂಮಿನಿಯಂ ತಂತಿಯ ಮೇಲೆ, ಅರ್ಥಿಂಗ್ ಇಲ್ಲದೆ, ಒದ್ದೆ ಗೋಡೆಯ ಮೇಲೆ ನಡೆದುಕೊಂಡು ಬಂದಿತ್ತು. ಮುಖ್ಯ ಬೋರ್ಡಿನಿಂದ 4 ಚದರ ಮಿಲಿಮೀಟರ್ ತಾಮ್ರದ ತಂತಿ, ಹೊರೆ ಹೆಚ್ಚಾದರೆ ಕಡಿಯುವ 16 ಆಂಪಿಯರ್ ಎಂಸಿಬಿ, ವಿದ್ಯುತ್ ಸೋರಿದರೆ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಹೊಸ ಅರ್ಥಿಂಗ್: 12,500 ರೂಪಾಯಿ. ಇದಕ್ಕಾಗಿ ಕನ್ನಡಿಯ ಕಪಾಟನ್ನೂ ವಾಷ್‌ಬೇಸಿನ್ ಕೆಳಗಿನ ಗೂಡನ್ನೂ ಕೈಬಿಡಬೇಕಾಯಿತು.

ಅನಿರೀಕ್ಷಿತ ಖರ್ಚು ಇನ್ನೊಂದು. ಚೇಂಬರಿನಿಂದ ರಸ್ತೆಯ ಒಳಚರಂಡಿಗೆ ಹೋಗುವ ಹಳೆಯ ಜೇಡಿಮಣ್ಣಿನ ಪೈಪಿನ ಜೋಡಣೆಯೊಳಗೆ ಹಿತ್ತಲಿನ ಸೀಬೆ ಮರದ ಬೇರು ಹೊಕ್ಕು ಗಡ್ಡದಂತೆ ಬೆಳೆದಿತ್ತು. ಆಗಾಗ ಶೌಚಾಲಯ ಕಟ್ಟಿಕೊಳ್ಳುತ್ತಿದ್ದದ್ದು ಅದರಿಂದಲೇ. ಆ ಭಾಗವನ್ನು ತೆಗೆದು, ನಲವತ್ತು ಅಡಿಗೆ ಒಂದಡಿಯ ಇಳಿಜಾರಿನಲ್ಲಿ ಪಿವಿಸಿ ಹಾಕಿಸಲು 9,000 ಹೋಯಿತು. ಮರ ಉಳಿಯಿತು.

ಒಟ್ಟು ಖರ್ಚು 1,51,900, ಕೈಯಲ್ಲಿದ್ದದ್ದಕ್ಕಿಂತ 1,900 ಹೆಚ್ಚು. ಇದರಲ್ಲಿ ಒಡೆಯುವುದು ಮತ್ತು ಕಸ ಸಾಗಿಸುವುದಕ್ಕೆ 14,000, ಪ್ಲಂಬಿಂಗ್‌ಗೆ 27,000, ನೆಲದ ತಳ ಮತ್ತು ಲೇಪಕ್ಕೆ 22,000. ವಿದ್ಯುತ್ ಮತ್ತು ಚರಂಡಿ ಸೇರಿಸಿದರೆ 84,500. ಅಂದರೆ ಅರ್ಧಕ್ಕಿಂತ ಹೆಚ್ಚು ಹಣ ನೆಂಟರಿಗೆ ತೋರಿಸಲಾಗದ ಕಡೆ ಹೋಯಿತು. ಟೈಲ್ಸ್, ಕಮೋಡ್, ನಲ್ಲಿ, ಬಾಗಿಲು, ಬಣ್ಣ ಎಲ್ಲ ಸೇರಿ 67,400. ಕಿರಿಯ ಮಗನಿಗೆ ಈ ಲೆಕ್ಕ ಇಂದಿಗೂ ಪೂರ್ತಿ ಒಪ್ಪಿಗೆಯಿಲ್ಲ. ಇಷ್ಟು ಖರ್ಚು ಮಾಡಿದ ಮೇಲೆ ಒಂದು ಒಳ್ಳೆಯ ಕನ್ನಡಿಯಾದರೂ ಬೇಡವೇ ಎನ್ನುತ್ತಾರೆ. ಅವರ ಮಾತಿನಲ್ಲೂ ಹುರುಳಿದೆ. ಪೈಪನ್ನು ಗೋಡೆಯ ಹೊರಗೆ ಎಳೆಯುವ ದಾರಿ ಇಲ್ಲದಿದ್ದರೆ, ಅಥವಾ ಇದೇ ಕೆಲಸ ಮೂರನೇ ಮಹಡಿಯ ಫ್ಲ್ಯಾಟ್‌ನಲ್ಲಿದ್ದಿದ್ದರೆ, ಈ ಹಣದಲ್ಲಿ ಇಷ್ಟೂ ಆಗುತ್ತಿರಲಿಲ್ಲ. ಫ್ಲ್ಯಾಟ್‌ನಲ್ಲಿ ಕೆಳಗಿನ ಮನೆಯವರ ಛಾವಣಿಯೂ ಲೆಕ್ಕಕ್ಕೆ ಸೇರುತ್ತದೆ.

ಮಲಗುವ ಕೋಣೆಯ ಗೋಡೆ ಕೊನೆಗೆ ಉಳಿಯಿತು. ಡಿಸೆಂಬರ್‌ನಲ್ಲಿ ಬಚ್ಚಲು ಮುಗಿದ ಕೂಡಲೇ ಅದಕ್ಕೂ ಬಣ್ಣ ಹೊಡೆಸಿಬಿಡೋಣ ಎಂದು ಎಲ್ಲರಿಗೂ ಆತುರ. ವರ್ಷಗಟ್ಟಲೆ ನೀರು ಕುಡಿದ ಇಟ್ಟಿಗೆ ವಾರದಲ್ಲಿ ಒಣಗುವುದಿಲ್ಲ. ಉಪ್ಪು ಬಿಟ್ಟ ಪ್ಲಾಸ್ಟರಿಂಗ್ ಅನ್ನು ಮೂರಡಿಯವರೆಗೆ ಕೆತ್ತಿಸಿ, ಇಟ್ಟಿಗೆಯನ್ನು ಬರಿಮೈಯಲ್ಲಿ ಬಿಟ್ಟು, ಮಂಚವನ್ನು ಆಚೆ ಸರಿಸಿ ಬೇಸಿಗೆಯವರೆಗೆ ಕಾಯುವಂತೆ ಹೇಳಿದೆ. ಒಣಗಿದೆಯೋ ಇಲ್ಲವೋ ನೋಡಲು ಅಂಗೈ ಎರಡರಷ್ಟು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ ಒಂದು ದಿನ ಬಿಟ್ಟರೆ ಸಾಕು. ತೇವ ಇದ್ದರೆ ಹಾಳೆಯ ಒಳಮೈಯಲ್ಲಿ ಹನಿ ಕೂರುತ್ತದೆ. ಫೆಬ್ರುವರಿಯಲ್ಲಿ ಹನಿ ಇತ್ತು. ಏಪ್ರಿಲ್ ಕೊನೆಯಲ್ಲಿ ಇರಲಿಲ್ಲ. ಆಮೇಲೆ ಪ್ಲಾಸ್ಟರಿಂಗ್ ಮಾಡಿಸಿ ಬಣ್ಣ ಹೊಡೆಸಿದರು, ಅದರ ಖರ್ಚು ಈ ಲೆಕ್ಕದಲ್ಲಿ ಸೇರಿಲ್ಲ.